ಸ್ಟೇರಿಂಗ್ ಎಷ್ಟು ಸುತ್ತು?

ಬರೆದು ತಿಂಗಳುಗಳೇ ಆದವು. ಬರೆಯೋಕೆ ವಿಷಯ ಇರಲಿಲ್ಲ ಅಂತಲ್ಲ. ಇದ್ದ ಒಂದು ವಿಷಯವನ್ನು ಬರೆಯೋಕೆ ಮನಸ್ಸು ಹಿಂಜರಿಯುತ್ತಿತ್ತು. ಯಾಕೆಂದರೆ ಅದರಲ್ಲಿ ತಪ್ಪು ನನ್ನದು. ಈವತ್ತು ಭಾನುವಾರ, ಅಂಗಡಿ ಬಾಗಿಲು ಹಾಕಿದೆ, ಮಳೆ ಬೇರೆ ಹಿಡಿದಿದೆ. ಬರೆದೇಬಿಡೋಣ ಅಂತ ಕೂತೆ.

ನಾನು ಹುಬ್ಬಳ್ಳಿಯಲ್ಲಿ ಹೈಡ್ರಾಲಿಕ್ ರಿಪೇರಿ ಮಾಡುವವನು. ಜ್ಯಾಕು, ಸಿಲಿಂಡರು, ಪಂಪು, ಹೋಸ್ ಪೈಪು ಇವುಗಳ ನಡುವೆ ಇಪ್ಪತ್ತೆರಡು ವರ್ಷ ಕಳೆದಿದೆ. ಡಿಪ್ಲೊಮಾ ಓದಿದ್ದೇನೆ, ಆದರೆ ಕಲಿತದ್ದೆಲ್ಲ ಮೇಸ್ತ್ರಿಯ ಕೈಕೆಳಗೆ. ಅಂಗಡಿಗೆ ಬರುವ ಸಾಮಾನುಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಸ್ಟೇರಿಂಗ್ ಯೂನಿಟ್ಟು. ನಮ್ಮ ಕಡೆ ಮೆಕ್ಯಾನಿಕ್ಕುಗಳು ಇದನ್ನು ‘ಆರ್ಬಿಟ್ರಾಲ್’ ಅಂತಾರೆ. ಮೂಲತಃ ಅದು ಒಂದು ಕಂಪನಿಯ ಮಾಲಿನ ಹೆಸರು. ಅಮೆರಿಕದ ಮಿನೆಸೋಟದ ಲಿನ್ ಚಾರ್ಲ್ಸನ್ ಎಂಬಾತ 1950ರ ದಶಕದಲ್ಲಿ ಪುಟ್ಟದೊಂದು ಹೈಡ್ರಾಲಿಕ್ ಮೋಟಾರು ಮಾಡಿದ. ಅದೇ ತತ್ವವನ್ನು ಸ್ಟೇರಿಂಗಿಗೂ ತಂದದ್ದು ಆತನ ಚಾರ್-ಲಿನ್ ಕಂಪನಿ. ಆಮೇಲೆ ಅದು ಈಟನ್ ಕೈಗೆ ಹೋಯಿತು. 2021ರಲ್ಲಿ ಈಟನ್‌ನ ಹೈಡ್ರಾಲಿಕ್ ವಿಭಾಗವನ್ನೇ ಡ್ಯಾನ್ಫಾಸ್ ಕೊಂಡಿತು. ಕಂಪನಿಗಳು ಬದಲಾದವು, ಹೆಸರು ಮಾತ್ರ ನಮ್ಮ ಬಾಯಲ್ಲಿ ಉಳಿಯಿತು. ಹಳದಿ ಬಣ್ಣದ ಯಂತ್ರ ಯಾವುದೇ ಇರಲಿ ‘ಜೇಸಿಬಿ’ ಅಂತೀವಲ್ಲ, ಹಾಗೇ.

ಇಷ್ಟ ಯಾಕೆ ಅಂದರೆ, ಅದಕ್ಕೊಂದು ಕಾರಣ ಮನೆಯಲ್ಲೇ ಇದೆ. ನಮ್ಮ ಅಪ್ಪ ಊರ ಗೌಡರ ಟ್ರ್ಯಾಕ್ಟರ್ ಓಡಿಸುತ್ತಿದ್ದರು. ಆಗಿನದು ಬರೀ ಗೇರ್ ಪೆಟ್ಟಿಗೆಯ ಸ್ಟೇರಿಂಗು, ಎಣ್ಣೆ-ಗಿಣ್ಣೆ ಏನೂ ಇಲ್ಲ. ಎರೆ ಹೊಲದಲ್ಲಿ ಮುಂದಿನ ಗಾಲಿ ಕಲ್ಲಿಗೆ ತಾಗಿದರೆ ಸ್ಟೇರಿಂಗ್ ಚಕ್ರ ಗರ್ರನೆ ತಿರುಗಿ ಕೈಗೆ ಹೊಡೆಯುತ್ತಿತ್ತು. ಒಂದು ಸಲ ಹಾಗೆ ತಿರುಗಿದಾಗ ಅಪ್ಪನ ಎಡಗೈ ಹೆಬ್ಬೆರಳು ಚಕ್ರದ ಕಡ್ಡಿಗೆ ಸಿಕ್ಕು ಮುರಿಯಿತು. ಸೊಟ್ಟಗೇ ಕೂಡಿಕೊಂಡಿತು. ನನಗೆ ಟ್ರ್ಯಾಕ್ಟರ್ ಕಲಿಸುವಾಗ ಅಪ್ಪ ಹೇಳಿದ ಮೊದಲ ಮಾತು ಕ್ಲಚ್ಚಿನದಲ್ಲ, ಬ್ರೇಕಿನದಲ್ಲ. “ಹೆಬ್ಬಟ್ಟು ಒಳಗ ಇಡಬ್ಯಾಡ, ಚಕ್ರದ ಮ್ಯಾಲ ಇಡು.” ಈಗಲೂ ನಾನು ಕಾರು ಓಡಿಸುವಾಗ ಹೆಬ್ಬೆರಳು ಮೇಲೆಯೇ ಇರುತ್ತದೆ. ಹೆಂಡತಿ ನಗುತ್ತಾಳೆ.

ಹೈಡ್ರಾಲಿಕ್ ಸ್ಟೇರಿಂಗ್ ಯೂನಿಟ್ಟು ಮೊದಲ ಸಲ ಬಿಚ್ಚಿ ನೋಡಿದಾಗ ನನಗೆ ಅನ್ನಿಸಿದ್ದು, ಇದು ಅಪ್ಪನ ಕಾಲಕ್ಕೆ ಇದ್ದಿದ್ದರೆ... ಅಂತ. ಸ್ಟೇರಿಂಗ್ ಚಕ್ರಕ್ಕೂ ಗಾಲಿಗೂ ನಡುವೆ ಕಬ್ಬಿಣದ ಸಂಬಂಧವೇ ಇಲ್ಲ! ನಡುವೆ ಇರೋದು ನಾಲ್ಕು ಪೈಪು, ಅದರೊಳಗೆ ಎಣ್ಣೆ. ಪಂಪಿನಿಂದ ಒಂದು ಬರುತ್ತದೆ, ಟ್ಯಾಂಕಿಗೆ ಒಂದು ಹೋಗುತ್ತದೆ, ಎಡಕ್ಕೊಂದು, ಬಲಕ್ಕೊಂದು. ಅಷ್ಟೇ.

ಒಳಗೆ ಏನಾಗುತ್ತೆ ಅಂತ ಸ್ವಲ್ಪ ಹೇಳಲೇಬೇಕು, ಇಲ್ಲದಿದ್ದರೆ ನನ್ನ ತಪ್ಪು ನಿಮಗೆ ಅರ್ಥವಾಗೋದಿಲ್ಲ.

ಯೂನಿಟ್ಟಿನ ಒಂದು ಭಾಗ ವಾಲ್ವು. ಒಂದರೊಳಗೊಂದು ಕೂತ ಎರಡು ಕೊಳವೆ. ಒಳಗಿನದು ಸ್ಪೂಲು, ಅದು ಸ್ಟೇರಿಂಗ್ ಚಕ್ರದ ಜೊತೆ ತಿರುಗುತ್ತದೆ. ಹೊರಗಿನದು ಸ್ಲೀವು. ಎರಡರ ನಡುವೆ ತೆಳ್ಳನೆಯ ಪಟ್ಟಿ ಸ್ಪ್ರಿಂಗುಗಳು. ನೀವು ಚಕ್ರ ತಿರುಗಿಸಿದಾಗ ಸ್ಪೂಲು ಸ್ಲೀವಿಗಿಂತ ಸ್ವಲ್ಪ ಮುಂದೆ ಓಡುತ್ತದೆ, ತೂತಿಗೆ ತೂತು ಕೂಡುತ್ತದೆ, ಎಣ್ಣೆ ಹರಿಯುತ್ತದೆ. ತಿರುಗಿಸೋದು ನಿಲ್ಲಿಸಿದರೆ ಸ್ಪ್ರಿಂಗು ಎರಡನ್ನೂ ಮತ್ತೆ ನಡುವಿಗೆ ತಂದು ದಾರಿ ಮುಚ್ಚುತ್ತದೆ.

ಇನ್ನೊಂದು ಭಾಗ ಅಳತೆಯದು. ಏಳು ಉಬ್ಬಿನ ಒಂದು ಬಳೆ, ಅದರೊಳಗೆ ಆರು ಹಲ್ಲಿನ ಒಂದು ನಕ್ಷತ್ರ. ನಕ್ಷತ್ರ ತಾನೂ ತಿರುಗುತ್ತ, ಬಳೆಯೊಳಗೆ ಸುತ್ತು ಹಾಕುತ್ತ ಹೋಗುತ್ತದೆ. ಅದು ಒಂದು ಪೂರ್ತಿ ತಿರುಗುವಷ್ಟರಲ್ಲಿ ಹಲ್ಲುಗಳ ನಡುವಿನ ಖಾನೆ ಆರೇಳಲಿ ನಲವತ್ತೆರಡು ಸಲ ತುಂಬಿ ಖಾಲಿಯಾಗುತ್ತದೆ. ಸಿಲಿಂಡರಿಗೆ ಹೋಗುವ ಎಣ್ಣೆಯೆಲ್ಲ ಈ ಖಾನೆಗಳ ಮೂಲಕವೇ ಹೋಗಬೇಕು. ಅಂದರೆ ಇದೊಂದು ಸೇರು ಇದ್ದಹಾಗೆ. ಚೀಲದಲ್ಲಿ ಎಷ್ಟೇ ಜೋಳ ಇರಲಿ, ಅಳೆದು ಕೊಡೋದು ಸೇರಿನಲ್ಲೇ. ಸ್ಟೇರಿಂಗ್ ಒಂದು ಸುತ್ತು ತಿರುಗಿದರೆ ಒಂದು ಸೇರು ಎಣ್ಣೆ. 100 ಸಿಸಿ, 160 ಸಿಸಿ, 315 ಸಿಸಿ, 500 ಸಿಸಿ ಅಂತ ಬರೆದಿರುತ್ತಾರಲ್ಲ, ಅದು ಈ ಸೇರಿನ ಅಳತೆ.

ಮೋಸ ಇರೋದು ಇಲ್ಲೇ. ಸೇರು ದೊಡ್ಡದಾಗಲಿ ಚಿಕ್ಕದಾಗಲಿ ಯೂನಿಟ್ಟಿನ ಮೋರೆ ಮಾತ್ರ ಒಂದೇ. ಅದೇ ನಾಲ್ಕು ಬೋಲ್ಟು, ಅದೇ ಪೈಪಿನ ತೂತು. ಅಳತೆ ಹೆಚ್ಚಾದಂತೆ ಹಿಂದಿನ ಬಳೆಯ ದಪ್ಪ ಹೆಚ್ಚುತ್ತದೆ, ಅಷ್ಟೇ ವ್ಯತ್ಯಾಸ. ಸುಮ್ಮನೆ ನೋಡಿದರೆ ಒಂದರ ಜಾಗದಲ್ಲಿ ಇನ್ನೊಂದು ಲಕ್ಷಣವಾಗಿ ಕೂಡುತ್ತದೆ.

ಈಗ ಕತೆಗೆ ಬರ್ತೀನಿ.

ನಮ್ಮ ಅಕ್ಕನನ್ನು ಕೊಟ್ಟಿರೋದು ಮುಧೋಳ ತಾಲೂಕಿಗೆ. ಮಾಮಾ ಅಂದರೆ ಅಕ್ಕನ ಗಂಡ, ಕಬ್ಬಿನ ಜಮೀನು ಇದ್ದವರು. ನಾಲ್ಕಾರು ವರ್ಷದ ಹಿಂದೆ ಅವರಿಗೆ ಒಂದು ಹುಚ್ಚು ಹಿಡಿಯಿತು. ಹಳೆಯ ವ್ಹೀಲ್ ಲೋಡರ್ ಒಂದನ್ನು ಕೊಂಡು, ಹತ್ತಿರದ ಸಕ್ಕರೆ ಕಾರ್ಖಾನೆಯ ಬಗ್ಯಾಸ್ ಅಂಗಳಕ್ಕೆ ಗುತ್ತಿಗೆಗೆ ಬಿಟ್ಟರು. ಕಬ್ಬು ಹಿಂಡಿದ ಮೇಲೆ ಉಳಿಯುವ ಸಿಪ್ಪೆ ಬೆಟ್ಟದಷ್ಟು ಬೀಳುತ್ತದೆ, ಅದನ್ನು ದೂಡಿ ಒಟ್ಟುವ, ಬಾಯ್ಲರಿಗೆ ಉಣಿಸುವ ಕೆಲಸ. ಸೀಸನ್ ಶುರುವಾದರೆ ಹಗಲು ರಾತ್ರಿ ಇಲ್ಲ. ಯಂತ್ರ ನಿಂತರೆ ಆ ದಿನದ ದುಡ್ಡು ಇಲ್ಲ, ಮೇಲೆ ದಂಡ. ಅಕ್ಕನ ಬಳೆ ಬ್ಯಾಂಕಿನಲ್ಲಿದ್ದವು ಅಂತ ನನಗೆ ಆಮೇಲೆ ಗೊತ್ತಾದದ್ದು.

2023ರ ನವೆಂಬರ್. ಸೀಸನ್ ಶುರುವಾಗಿ ವಾರ ಆಗಿತ್ತೇನೋ. ಮಾಮಾ ಫೋನು ಮಾಡಿದರು.

“ತಮ್ಮಾ, ಸ್ಟೇರಿಂಗ್ ಬುಡಕ ಎಣ್ಣಿ ಸೋರಾಕ ಹತ್ತೇತಿ. ಡ್ರೈವರ್ ಕಾಲೆಲ್ಲಾ ಎಣ್ಣಿ. ಏನ್ ಮಾಡೂಣು?”

ಫೋಟೋ ಕಳಿಸಿ ಅಂದೆ. ಕಳಿಸಿದರು. ಯೂನಿಟ್ಟಿನ ಮೇಲೆ ಹಿಂದಿನ ಮಾಲೀಕರು ಮೂರು ಪದರ ಹಳದಿ ಬಣ್ಣ ಹೊಡೆದಿದ್ದರು, ತಗಡಿನ ಮೇಲಿನ ನಂಬರು ಉಜ್ಜಿದರೂ ಕಾಣಲಿಲ್ಲ. ಬರೀ ಸೀಲ್ ಹೋಗಿದ್ದರೆ ಸೀಲ್ ಹಾಕಬಹುದಿತ್ತು, ಆದರೆ ಚಕ್ರ ಹಿಡಿದುಕೊಂಡೇ ಇದ್ದರೂ ಗಾಡಿ ತಾನೇ ಒಂದು ಕಡೆ ಜಾರುತ್ತಿದೆ ಅಂದರು. ಒಳಗೆ ಸವೆದಿದೆ ಅಂತ ಅರ್ಥ. ಹೊಸದೇ ಹಾಕೋಣ ಅಂದೆ.

ಯೂನಿಟ್ಟು ಆರಿಸುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ನನಗೆ ಬಾಯಿಪಾಠ. ಮೊದಲನೆಯದು, ಪಂಪು ಎಂಥದು? ಎಣ್ಣೆ ಸದಾ ಹರಿಯುತ್ತಲೇ ಇರುವ ಸಾದಾ ಗೇರ್ ಪಂಪಾದರೆ ‘ಓಪನ್ ಸೆಂಟರ್’ ಯೂನಿಟ್ಟು. ಸ್ಟೇರಿಂಗ್ ಸುಮ್ಮನಿದ್ದಾಗ ಎಣ್ಣೆ ನಡುವಿನಿಂದ ಹಾದು ಟ್ಯಾಂಕಿಗೆ ಹೋಗುತ್ತದೆ. ಒಂದೇ ಪಂಪಿನಿಂದ ಬಕೆಟ್ಟಿಗೂ ಸ್ಟೇರಿಂಗಿಗೂ ಎಣ್ಣೆ ಹೋಗುವ ಯಂತ್ರಗಳಲ್ಲಿ ನಡುವೆ ಪ್ರಯಾರಿಟಿ ವಾಲ್ವು ಇರುತ್ತದೆ. ಆಗ ‘ಲೋಡ್ ಸೆನ್ಸಿಂಗ್’ ಯೂನಿಟ್ಟು ಬೇಕು, ಅದಕ್ಕೆ ಐದನೆಯದೊಂದು ಸಣ್ಣ ಪೈಪು ಇರುತ್ತದೆ. ‘ನನಗೆ ಇಷ್ಟು ಬೇಕು’ ಅಂತ ಆ ಪೈಪು ವಾಲ್ವಿಗೆ ಸುದ್ದಿ ಮುಟ್ಟಿಸುತ್ತದೆ. ಸ್ಟೇರಿಂಗ್ ಕೇಳಿದಷ್ಟು ಮೊದಲು ಕೊಟ್ಟು, ಉಳಿದದ್ದು ಬಕೆಟ್ಟಿಗೆ. ಈ ಎರಡನ್ನು ಅದಲುಬದಲು ಮಾಡಿ ಕೂರಿಸಿಕೊಂಡು ‘ಬಕೆಟ್ ಏಳವಲ್ದು’ ಅಂತ ನಮ್ಮ ಅಂಗಡಿಗೆ ಬಂದವರು ಎಷ್ಟೋ ಮಂದಿ. ಮಾಮಾನದು ಹಳೆಯ ಯಂತ್ರ, ಸ್ಟೇರಿಂಗಿಗೇ ಬೇರೆ ಪಂಪು, ನಾಲ್ಕೇ ಪೈಪು. ಓಪನ್ ಸೆಂಟರ್. ಸರಿ.

ಎರಡನೆಯದು, ಗಾಲಿಯ ಒದೆತ ಚಕ್ರಕ್ಕೆ ಗೊತ್ತಾಗಬೇಕೋ ಬೇಡವೋ? ಬೇಕಾದರೆ ‘ರಿಯಾಕ್ಷನ್’, ಬೇಡವಾದರೆ ‘ನಾನ್ ರಿಯಾಕ್ಷನ್’. ತಿರುವಿನ ನಂತರ ಗಾಲಿಗಳು ತಾವೇ ನೆಟ್ಟಗಾಗುವಂಥ ಆಕ್ಸಲ್ ಇದ್ದ ಗಾಡಿಗೆ ಮೊದಲನೆಯದು ಚೆಂದ. ಲೋಡರಿನ ನಡು ಮುರಿದು ತಿರುಗುತ್ತದೆ, ಮುಂದಿನ ಅರ್ಧ ಬೇರೆ, ಹಿಂದಿನ ಅರ್ಧ ಬೇರೆ. ಅದಕ್ಕೆ ನಾನ್ ರಿಯಾಕ್ಷನ್ನೇ. ಚಕ್ರ ಎಲ್ಲಿ ಬಿಟ್ಟಿರೋ ಅಲ್ಲೇ ನಿಲ್ಲುತ್ತದೆ. ಕಲ್ಲಿಗೆ ಗಾಲಿ ಬಡಿದರೂ ಹೆಬ್ಬೆರಳು ಕ್ಷೇಮ. ಸರಿ.

ಮೂರನೆಯದು, ಸೇರು ಎಷ್ಟು? ಸಿಲಿಂಡರಿನ ಅಳತೆ ಕೇಳಿದೆ. ಫಿಟ್ಟರ್ ಟೇಪು ಹಿಡಿದು ಹೇಳಿದ. ಒಳವ್ಯಾಸ 70 ಮಿ.ಮೀ., ರಾಡು 40, ಓಟ 320. ಗಿರಾಕಿಯ ಬಿಲ್ಲಿನ ಹಿಂದೆ ಲೆಕ್ಕ ಹಾಕಿದೆ. 70 ಮಿ.ಮೀ. ವ್ಯಾಸ ಅಂದರೆ 38.5 ಚದರ ಸೆಂ.ಮೀ. ಅದಕ್ಕೆ 32 ಸೆಂ.ಮೀ. ಓಟ ಗುಣಿಸಿದರೆ ಸುಮಾರು 1230 ಸಿಸಿ. ಈ ತುದಿಯಿಂದ ಆ ತುದಿಗೆ ನಾಲ್ಕು ಸುತ್ತು ಇರಲಿ ಅಂದರೆ ಸುತ್ತಿಗೆ 308. ಪೇಟೆಯಲ್ಲಿ ಸಿಗುವುದು 315. ಅಂಗಡಿಯಲ್ಲೇ ಒಂದು ಇತ್ತು. ಮಧ್ಯಾಹ್ನದ ಬಸ್ಸಿಗೆ ಪಾರ್ಸೆಲ್ ಹಾಕಿದೆ. ಮಾಮಾ ಅಂತ ಲಾಭವನ್ನೂ ಇಟ್ಟುಕೊಳ್ಳಲಿಲ್ಲ.

ನಿಮಗೆ ಗೊತ್ತಾಯಿತೇ ಎಲ್ಲಿ ತಪ್ಪಿದೆ ಅಂತ? ನನಗೆ ಗೊತ್ತಾಗಲಿಲ್ಲ.

ಸಂಜೆ ಫಿಟ್ಟರ್ ಫೋನು ಮಾಡಿದ. “ಸರ್, ಇದು ಹಳೇದಕ್ಕಿಂತ ಗಿಡ್ಡ ಐತಲ್ರೀ.” ನಾನು ಬೇರೊಂದು ಪಂಪು ಬಿಚ್ಚಿಕೊಂಡು ಕೂತಿದ್ದೆ, ಕೈಯೆಲ್ಲ ಎಣ್ಣೆ, ಫೋನು ಭುಜಕ್ಕೆ ಆನಿಸಿಕೊಂಡಿದ್ದೆ. “ಬ್ಯಾರೆ ಕಂಪನಿದು ಇರ್ತದ. ತೂತು ಕೂಡ್ತಾವಿಲ್ಲೋ? ಹಾಕು,” ಅಂದೆ. ಅವನು ಹಾಕಿದ. ಸೋರಿಕೆ ನಿಂತಿತು. ಮಾಮಾ ಖುಷಿಯಾಗಿ ಫೋನು ಮಾಡಿದರು. ಅಕ್ಕ ಹೋಳಿಗೆಗೆ ಬಾ ಅಂದಳು.

ಎರಡನೇ ದಿನ ಡ್ರೈವರೇ ನನಗೆ ಫೋನು ಮಾಡಿದ. ಐವತ್ತು ದಾಟಿದ ಮನುಷ್ಯ, ಹಿಂದೆ ಗಣಿಗಳಲ್ಲಿ ದೊಡ್ಡ ದೊಡ್ಡ ಲೋಡರು ಓಡಿಸಿದವನು. “ಸಾಹೇಬ್ರ, ಗಾಡಿ ಲಗೂ ಹೊಳ್ಳವಲ್ದರೀ. ಭಾಳ ತಿರುವಬೇಕಾಗ್ತೈತಿ. ರಾತ್ರಿ ರಟ್ಟಿ ಎತ್ತಾಕ ಬರಂಗಿಲ್ಲ.” ಹೊಸದು, ಎರಡು ದಿನ ರೂಢಿ ಆಗಬೇಕು ಅಂದೆ. ಗಾಳಿ ಸಿಕ್ಕಿರಬಹುದು, ಎರಡೂ ಕಡೆ ಪೂರ್ತಿ ತಿರುಗಿಸಿ ಗಾಳಿ ತೆಗೆ ಅಂದೆ. ಅವನು ಮತ್ತೆ ಮಾತಾಡಲಿಲ್ಲ. ಮಾಮಾನಿಗೆ ಹೇಳಿದನಂತೆ, ಮಾಮಾ ಅಂದರಂತೆ, “ನಮ್ಮ ಹುಡುಗಗ ಗೊತ್ತಿಲ್ಲೇನೋ, ನಿನಗ ಗೊತ್ತೈತಿ?” ಆ ಮಾತು ಕೇಳಿದಾಗ ಆಮೇಲೆ ನನಗೆ ಮುಖ ಎಲ್ಲಿ ಇಡಲಿ ಅನ್ನಿಸಿತು.

ಐದನೆಯ ರಾತ್ರಿ ಆಯಿತು ಅದು. ಕಬ್ಬಿನ ಟ್ರ್ಯಾಕ್ಟರೊಂದು ಡಬಲ್ ಟ್ರೇಲರ್ ಖಾಲಿ ಮಾಡಿಕೊಂಡು, ದಾರಿ ತಪ್ಪಿಯೋ ಒಳದಾರಿ ಹಿಡಿಯಲೆಂದೋ ಬಗ್ಯಾಸ್ ಅಂಗಳದೊಳಗೆ ಬಂದಿದೆ. ಹಾಡು ಜೋರಾಗಿ ಹಾಕಿಕೊಂಡಿರುತ್ತಾರಲ್ಲ, ಏನೂ ಕೇಳಿಸಿಲ್ಲ. ಲೋಡರ್ ಬಕೆಟ್ ತುಂಬ ಸಿಪ್ಪೆ ಹಿಡಿದು ರಾಶಿಯಿಂದ ತಿರುಗಿ ಬರುತ್ತಿದೆ. ಟ್ರೇಲರಿನ ಕೊಂಡಿಯ ಹತ್ತಿರ ಒಬ್ಬ ಹುಡುಗ ಇಳಿದು ನಿಂತಿದ್ದ. ಡ್ರೈವರ್ ಎಡಕ್ಕೆ ಎಳೆದ, ಎಳೆದ, ಎಳೆಯುತ್ತಲೇ ಇದ್ದ. ಗಾಡಿ ಬರಬೇಕಾದಷ್ಟು ಬರಲಿಲ್ಲ. ಬ್ರೇಕ್ ತುಳಿದ. ಬಕೆಟ್ಟಿನ ಮೂಲೆ ಟ್ರೇಲರಿನ ಮಗ್ಗುಲಿಗೆ ಬಡಿಯಿತು. ಹುಡುಗ ಅಷ್ಟರಲ್ಲಿ ಹಾರಿಕೊಂಡಿದ್ದ. ತಗಡು ಬಗ್ಗಿತು, ಅಷ್ಟೇ. ಅಷ್ಟೇ ಅಂತ ಬರೆಯೋಕೆ ಸುಲಭ.

ಕಾರ್ಖಾನೆಯ ಸೂಪರ್‌ವೈಸರ್ ಬಂದು ಮೊದಲು ಮಾಡಿದ್ದು ಡ್ರೈವರನ ಬಾಯಿ ಮೂಸಿ ನೋಡಿದ್ದು. ಕುಡಿದಿರಲಿಲ್ಲ. ಆದರೂ ಅವನನ್ನು ಗೇಟಿನ ಹೊರಗೆ ಹಾಕಿದರು. ಗುತ್ತಿಗೆದಾರರಿಗೆ ದಂಡ. ಟ್ರೇಲರಿನವನಿಗೆ ರಿಪೇರಿ ಖರ್ಚು. ಮಾಮಾ ಆ ದುಡ್ಡನ್ನು ಡ್ರೈವರನ ಪಗಾರದಲ್ಲಿ ಮುರಿಯುವುದು ಅಂತ ತೀರ್ಮಾನ ಮಾಡಿದರು. ಇದನ್ನೆಲ್ಲ ಅಕ್ಕ ನನಗೆ ಫೋನಿನಲ್ಲಿ ಹೇಳಿದಳು. ಕೊನೆಗೆ ಅಂದಳು, “ಆಂವ ಒಂದ ಮಾತು ಹೇಳ್ತಾನಪಾ, ಸ್ಟೇರಿಂಗ್ ಮೊದಲಿನಗತೆ ಇಲ್ಲ ಅಂತ. ಯಾರೂ ಕೇಳವಲ್ಲರು.”

ಆ ರಾತ್ರಿ ನಿದ್ದೆ ಹತ್ತಲಿಲ್ಲ. ಎದ್ದು ಅದೇ ಬಿಲ್ಲು ಹುಡುಕಿದೆ. ಲೆಕ್ಕ ಮತ್ತೆ ಮಾಡಿದೆ, ಅಷ್ಟೇ ಬಂತು. ಗುಣಾಕಾರ ಸರಿಯೇ ಇತ್ತು. ಆಮೇಲೆ ಯಂತ್ರವನ್ನು ಕಣ್ಣ ಮುಂದೆ ತಂದುಕೊಂಡೆ. ನಡುವಿನ ಕೀಲು. ಅದರ ಎಡಕ್ಕೊಂದು ಸಿಲಿಂಡರ್... ಬಲಕ್ಕೊಂದು...

ಎರಡು ಸಿಲಿಂಡರ್!

ಲೋಡರು ಬಲಕ್ಕೆ ಹೊರಳುವಾಗ ಎಡಗಡೆಯ ಸಿಲಿಂಡರ್ ಚಾಚುತ್ತದೆ, ಬಲಗಡೆಯದು ಒಳಗೆ ಸೇರುತ್ತದೆ. ಚಾಚುವುದಕ್ಕೂ ಎಣ್ಣೆ ಬೇಕು, ಸೇರುವುದಕ್ಕೂ ಎಣ್ಣೆ ಬೇಕು. ಚಾಚುವುದಕ್ಕೆ 1230 ಸಿಸಿ. ಸೇರುವ ಕಡೆ ರಾಡಿನ ಜಾಗ ಕಳೆದರೆ 25.9 ಚದರ ಸೆಂ.ಮೀ., ಅಂದರೆ ಇನ್ನೂ 830 ಸಿಸಿ. ಒಟ್ಟು 2060. ಅದನ್ನು 315ರ ಸೇರಿನಲ್ಲಿ ಅಳೆದರೆ ಆರೂವರೆ ಸುತ್ತು! 500ರದು ಇದ್ದರೆ ನಾಲ್ಕು ಸುತ್ತು, ಮೇಲೆ ಚೂರು. ಸೆಕೆಂಡಿಗೆ ಒಂದು ಸುತ್ತು ತಿರುಗಿಸಿದರೂ ಹಳೆಯದರಲ್ಲಿ ನಾಲ್ಕು ಸೆಕೆಂಡಿಗೆ ಆಗುತ್ತಿದ್ದ ಹೊರಳು ನಾನು ಹಾಕಿಸಿದ್ದರಲ್ಲಿ ಆರೂವರೆ ಸೆಕೆಂಡು. ಆ ಹುಡುಗನಿಗೂ ಬಕೆಟ್ಟಿಗೂ ನಡುವೆ ಇದ್ದದ್ದು ಆ ಎರಡೂವರೆ ಸೆಕೆಂಡು.

ಇಪ್ಪತ್ತೆರಡು ವರ್ಷದ ಅನುಭವದವನು ಒಂದು ಸಿಲಿಂಡರನ್ನು ಮರೆತಿದ್ದೆ. ಫಿಟ್ಟರ್ ಒಂದೇ ಸಿಲಿಂಡರಿನ ಅಳತೆ ಕೊಟ್ಟ, ನಾನು ಒಂದೇ ಲೆಕ್ಕ ಹಾಕಿದೆ. ಗಿಡ್ಡ ಇದೆ ಅಂತ ಅವನು ಹೇಳಿದ್ದು ನೂರಕ್ಕೆ ನೂರು ಸರಿ. ಸೇರಿನ ಗಾತ್ರ ಗೊತ್ತಾಗುವುದೇ ಆ ಉದ್ದದಿಂದ, ನನಗಿಂತ ಚೆನ್ನಾಗಿ ಅದು ಯಾರಿಗೆ ಗೊತ್ತಿರಬೇಕು?

ಮರುದಿನ ಬೆಂಗಳೂರಿಗೆ ಫೋನು ಮಾಡಿ 500 ಸಿಸಿದು ತರಿಸಿದೆ. ಅದು ಬರುವವರೆಗೆ ಲೋಡರ್ ನಿಲ್ಲಿಸಿ ಅಂತ ಮಾಮಾನಿಗೆ ಹೇಳಿದೆ. ಯಾಕೆ ಅಂತ ಕೇಳಿದರು. ಬಂದು ಹೇಳ್ತೀನಿ ಅಂದೆ. ಎರಡು ದಿನದ ಬಾಡಿಗೆ ಹೋಯಿತು. ಮೂರನೆಯ ದಿನ ಬೆಳಗಿನ ಜಾವ ಯೂನಿಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಹೋದೆ. ದಾರಿಯುದ್ದ ಹೇಗೆ ಹೇಳೋದು ಅಂತಲೇ ಯೋಚನೆ. ಸಾಮಾನು ಡಿಫೆಕ್ಟ್ ಇತ್ತು ಅನ್ನಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಸುಳ್ಳು ಹೇಳೋದಿಲ್ಲ ಅಂತ ಮೊದಲೇ ಗಟ್ಟಿ ಮಾಡಿಕೊಂಡಿದ್ದೆ ಅಂತ ಬರೆದರೆ ಅದೇ ಸುಳ್ಳಾಗುತ್ತದೆ. ಲೋಕಾಪುರ ದಾಟುವವರೆಗೂ ಎರಡೂ ಕಡೆ ತೂಗುತ್ತಿತ್ತು.

ಅಂಗಳದಲ್ಲಿ ಇಳಿದಾಗ ಡ್ರೈವರೂ ಇದ್ದ. ಗೇಟಿನ ಹೊರಗೆ ಚಹದಂಗಡಿಯಲ್ಲಿ ಕೂತಿದ್ದ, ನನ್ನನ್ನು ನೋಡಿ ಎದ್ದು ಬಂದ. ಏನೂ ಹೇಳುವ ಮೊದಲು ನಾನು ಕೇಳಿದೆ, “ಹಳೇದು ಇದ್ದಾಗ ಆ ಕಡಿಯಿಂದ ಈ ಕಡಿಗೆ ಎಷ್ಟ ಸುತ್ತು ತಿರುವ್ತಿದ್ರೀ?”

ಅವನು ಕೈಯನ್ನು ಗಾಳಿಯಲ್ಲಿ ತಿರುಗಿಸಿ ನೋಡಿದ. ಕಣ್ಣು ಮುಚ್ಚಿಕೊಂಡಿದ್ದ. “ನಾಕು. ಮ್ಯಾಲ ಸ್ವಲ್ಪ.”

“ಈಗ?”

“ಆರು ದಾಟ್ತೈತ್ರೀ.”

ಒಂದು ವಾರದ ಮೊದಲು ಇಷ್ಟು ಕೇಳಿದ್ದರೆ ಟೇಪೂ ಬೇಡ, ಲೆಕ್ಕವೂ ಬೇಡ.

ಮಾಮಾನ ಮುಂದೆ, ಡ್ರೈವರನ ಮುಂದೆ, ಫಿಟ್ಟರನ ಮುಂದೆ ಹೇಳಿದೆ. ತಪ್ಪು ನಂದು, ಒಂದು ಸಿಲಿಂಡರ್ ಮರೆತೆ, ಡ್ರೈವರಂದು ಏನೂ ತಪ್ಪಿಲ್ಲ ಅಂತ. ಮಾಮಾ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದರು, “ಮತ್ತ ಪ್ರೆಶರ್ ಏರ್ಸಿದ್ರ ಲಗೂ ಹೊಳ್ಳತೈತಿ ಅಂತ ಇಂವ ರಿಲೀಫ್ ಬಿಗದಾನಲ್ಲೋ?” ಫಿಟ್ಟರ್ ತಲೆ ತಗ್ಗಿಸಿದ. ಅದು ಬೇರೆ ನಡೆದಿತ್ತು! ಬಹಳ ಜನ ಹೀಗೇ ತಿಳಿದಿರುತ್ತಾರೆ. ಪ್ರೆಶರ್ ಅಂದರೆ ಬಲ, ವೇಗ ಅಲ್ಲ. ಭಾರ ಹೊರಳಿಸಲು ಶಕ್ತಿ ಸಾಲದಿದ್ದರೆ ಪ್ರೆಶರಿನ ಮಾತು. ತಡವಾಗಿ ಹೊರಳಿದರೆ ಎಣ್ಣೆಯ ಪ್ರಮಾಣದ ಮಾತು. ಸೇರು ಚಿಕ್ಕದಾದರೆ ಚೀಲವನ್ನು ಎಷ್ಟು ಒತ್ತಿದರೂ ಜೋಳ ಹೆಚ್ಚು ಬರೋದಿಲ್ಲ. ಗೇಜು ಹಾಕಿ ನೋಡಿ ಮೊದಲಿನ ಜಾಗಕ್ಕೆ ತಂದೆ. ಸುಮ್ಮನೆ ಬಿಗಿದರೆ ಪೈಪು ಒಡೆಯುತ್ತದೆ. ಎಡಬಲದ ಸಾಲುಗಳಲ್ಲಿ ಗಾಲಿಯ ಹೊಡೆತ ತಡೆಯುವ ಶಾಕ್ ವಾಲ್ವುಗಳು ರಿಲೀಫಿಗಿಂತ ಐವತ್ತು ಅರವತ್ತು ಬಾರ್ ಮೇಲೆ ಇಟ್ಟಿರುತ್ತಾರೆ, ಆ ಅಂತರವೂ ಹಾಳಾಗುತ್ತದೆ.

“ಹಂಗಾದ್ರ ಇನ್ನೂ ದೊಡ್ಡದು ಹಾಕಲಾ, ಎರಡ ಸುತ್ತಿಗೆ ಹೊಳ್ಳಲಿ,” ಅಂದರು ಮಾಮಾ. 800ರದು ಹಾಕಿದರೆ ಎರಡೂವರೆ ಸುತ್ತು, ಹೌದು. ಆದರೆ ಸೆಕೆಂಡಿಗೆ ಒಂದು ಸುತ್ತು ತಿರುಗಿಸಬೇಕೆಂದರೆ ಪಂಪು ನಿಮಿಷಕ್ಕೆ 48 ಲೀಟರ್ ಕೊಡಬೇಕು. 500ಕ್ಕೆ 30 ಸಾಕು. ಎಂಜಿನ್ ನಿಧಾನ ಇದ್ದಾಗ ಆ ಪಂಪು 48 ಕೊಡೋದಿಲ್ಲ. ಆಗ ಚಕ್ರ ಕೈಯಲ್ಲೇ ಭಾರವಾಗಿ ತಡೆಯುತ್ತದೆ. ವೇಗದಲ್ಲಿದ್ದಾಗ ಸ್ವಲ್ಪ ಮುಟ್ಟಿದರೂ ಗಾಡಿ ಜಿಗಿಯುತ್ತದೆ. ಕಂಪನಿಯವರು ನಾಲ್ಕು ಸುತ್ತು ಅಂತ ಇಟ್ಟಿದ್ದರೆ ಅದಕ್ಕೊಂದು ಅರ್ಥ ಇದೆ.

ಹೊಸದು ಕೂರಿಸುವ ಮೊದಲು ಟ್ಯಾಂಕು ಪೂರ್ತಿ ಇಳಿಸಿ, ಪೈಪು ಊದಿ, ಫಿಲ್ಟರ್ ಬದಲಿಸಿದೆವು. ಸ್ಪೂಲಿಗೂ ಸ್ಲೀವಿಗೂ ನಡುವೆ ಇರೋದು ಕೆಲವೇ ಮೈಕ್ರಾನು, ಕೂದಲು ಅದರ ಮುಂದೆ ಹಗ್ಗ. ಆ ಅಂಗಳದಲ್ಲಿ ಗಾಳಿಯಲ್ಲೇ ಸಿಪ್ಪೆಯ ದೂಳು ಹಾರುತ್ತಿರುತ್ತದೆ. ಟ್ಯಾಂಕಿನ ತಳದಲ್ಲಿ ಪಾಯಸದಂತೆ ಕೂತಿತ್ತು. ಹಳೆಯ ಯೂನಿಟ್ಟು ಸತ್ತದ್ದೂ ಅದರಿಂದಲೇ.

ಇನ್ನೊಂದು ಸಂಗತಿ ಅವತ್ತು ಕಣ್ಣಿಗೆ ಬಿತ್ತು. ಎಂಜಿನ್ ಆರಿಸಿ ಚಕ್ರ ತಿರುಗಿಸಿ ನೋಡಿದೆ. ಟ್ರ್ಯಾಕ್ಟರಿನಂಥ ಚಿಕ್ಕ ಯೂನಿಟ್ಟುಗಳಲ್ಲಿ ಎಂಜಿನ್ ನಿಂತರೂ ಆ ನಕ್ಷತ್ರವೇ ಕೈಪಂಪಾಗಿ ಕೆಲಸ ಮಾಡುತ್ತದೆ, ಒಳಗಿನ ಒಂದು ಗುಂಡು ಸರಿದು ಟ್ಯಾಂಕಿನಿಂದ ಎಣ್ಣೆ ಎಳೆದುಕೊಳ್ಳಲು ದಾರಿ ಬಿಡುತ್ತದೆ. 125 ಸಿಸಿ ಯೂನಿಟ್ಟಿನಲ್ಲಿ 40 ಬಾರ್ ಎಬ್ಬಿಸಬೇಕೆಂದರೆ ಸಾಮಾನ್ಯ ಗಾತ್ರದ ಚಕ್ರದ ಮೇಲೆ ನಲವತ್ತು ಕಿಲೋ ಬಲ ಬೇಕು. ಕಷ್ಟ, ಆದರೆ ಪ್ರಾಣ ಉಳಿಸಿಕೊಳ್ಳಲು ಆಗುತ್ತದೆ. ಅದೇ 500ರಲ್ಲಿ ನೂರಾ ಅರವತ್ತು ಕಿಲೋ! ಯಾರ ತೋಳಿನಿಂದ ಆಗುತ್ತೆ? ಅದಕ್ಕೇ ದೊಡ್ಡ ಯಂತ್ರಗಳಿಗೆ ಎಂಜಿನ್ ನಿಂತಾಗಲೂ ತಿರುಗಿಸಲು ಬೇರೆ ಏರ್ಪಾಡು ಇರುತ್ತದೆ. ಇಂಥ ಯಂತ್ರಗಳ ಸ್ಟೇರಿಂಗಿಗೆಂದೇ ಐಎಸ್‌ಒ 5010 ಅಂತ ಒಂದು ಅಂತರರಾಷ್ಟ್ರೀಯ ಮಾನದಂಡವೂ ಇದೆ. ಮಾಮಾನ ಲೋಡರಿನಲ್ಲೂ ಬ್ಯಾಟರಿಯಿಂದ ಓಡುವ ಪುಟ್ಟ ಪಂಪೊಂದು ಇತ್ತು. ಅದರ ವೈರು ಯಾರೋ ಎಂದೋ ಕತ್ತರಿಸಿ ಟೇಪು ಸುತ್ತಿದ್ದರು. ಬ್ಯಾಟರಿ ತಿನ್ನುತ್ತದೆ ಅಂತ ಇರಬೇಕು. ಎಲೆಕ್ಟ್ರಿಷಿಯನ್ನನ್ನು ಕರೆಸಿ ಜೋಡಿಸಿದೆವು. ಅದು ಕುಯ್ಯೆಂದು ಎದ್ದಾಗ ಡ್ರೈವರ್ ಮೊದಲ ಸಲ ನಕ್ಕ.

ಗೇಟಿನ ಹತ್ತಿರ ಸೂಪರ್‌ವೈಸರನ್ನು ಕಂಡು ಲೆಕ್ಕದ ಚೀಟಿ ತೋರಿಸಿ ಹೇಳಿದೆ. ಆತ ಚೀಟಿ ನೋಡಲಿಲ್ಲ, ಆದರೆ ಡ್ರೈವರನನ್ನು ಒಳಗೆ ಬಿಟ್ಟ. ಟ್ರೇಲರಿನ ಖರ್ಚು ಮತ್ತು ದಂಡ ನಾನು ಕೊಟ್ಟೆ. ಮಾಮಾ ಬೇಡ ಅನ್ನಲಿಲ್ಲ. ಅನ್ನದಿದ್ದದ್ದೇ ಒಳ್ಳೆಯದಾಯಿತು. ಡ್ರೈವರನಿಗೆ ಮೂರು ದಿನದ ಪಗಾರ ಕೊಡಲು ಹೋದೆ, ಅವನು ತೆಗೆದುಕೊಳ್ಳಲಿಲ್ಲ. “ನಮ್ಮ ಮಾಲಕರು ಕೊಡ್ತಾರ್ರೀ,” ಅಂತ ಮಾಮಾನ ಕಡೆ ನೋಡಿದ. ಮಾಮಾ ಕೊಟ್ಟರು.

ಅಕ್ಕ ಹೋಳಿಗೆ ಮಾಡಿದ್ದಳು. ಊಟ ಸೇರಲಿಲ್ಲ.

ಹಳೆಯ 500ರದನ್ನೂ ಐದು ದಿನ ಓಡಿದ 315ರದನ್ನೂ ಚೀಲದಲ್ಲಿ ಹಾಕಿಕೊಂಡು ಹುಬ್ಬಳ್ಳಿಗೆ ತಂದೆ. ಎರಡರ ಬಳೆಯನ್ನೂ ಬಿಚ್ಚಿ ಟೇಬಲ್ಲಿನ ಮೇಲೆ ಅಕ್ಕಪಕ್ಕ ಇಟ್ಟೆ. ಒಂದೂವರೆ ಬೆರಳಿನಷ್ಟು ವ್ಯತ್ಯಾಸ. ಈಗ ನನ್ನ ಕೈಕೆಳಗೆ ಇಬ್ಬರು ಹುಡುಗರು ಕಲಿಯುತ್ತಿದ್ದಾರೆ. ಮತ್ತೆ ಜೋಡಿಸುವಾಗ ಒಳಗಿನ ಶಾಫ್ಟಿನ ಸೀಳಿಗೆ ನಕ್ಷತ್ರದ ಹಲ್ಲಿನ ಸಂದು ನೇರ ಬರಬೇಕು, ಒಂದು ಹಲ್ಲು ತಪ್ಪಿದರೆ ಎಂಜಿನ್ ಹಚ್ಚಿದ ಕೂಡಲೇ ಸ್ಟೇರಿಂಗ್ ಚಕ್ರ ಮೋಟಾರಿನಂತೆ ತಾನೇ ತಿರುಗಿ ಕೈ ಮುರಿಯುತ್ತದೆ ಅಂತ ಅವರಿಗೆ ಹೇಳಿಕೊಡುವಾಗ ಇವೇ ಎರಡು ಬಳೆಗಳನ್ನು ತೆಗೆಯುತ್ತೇನೆ. ಅವುಗಳ ಕತೆಯನ್ನೂ ಹೇಳುತ್ತೇನೆ. ಹೊಸ ಗಿರಾಕಿ ಸ್ಟೇರಿಂಗ್ ಯೂನಿಟ್ಟು ಕೇಳಿಕೊಂಡು ಬಂದರೆ ಹುಡುಗರು ನಂಬರು ಕೇಳುವ ಮೊದಲು “ಡ್ರೈವರ್ ಫೋನ್ ನಂಬರ್ ಕೊಡ್ರಿ” ಅಂತಾರೆ. ಕೆಲವು ಮಾಲೀಕರಿಗೆ ಸಿಟ್ಟು ಬರುತ್ತದೆ :-)

ಮೊನ್ನೆ ಒಬ್ಬರಿಗೆ ಹಾಗೇ ಆಯಿತು. ಡ್ರೈವರಿಗೆ ಫೋನು ಹಚ್ಚಿದರೆ ಆತ ಗಾಡಿಯಲ್ಲೇ ಇದ್ದ. “ತಡೀರಿ ಎಣಸ್ತೀನಿ” ಅಂತ ಫೋನು ಪಕ್ಕಕ್ಕಿಟ್ಟ. ಎಂಜಿನ್ನಿನ ಸದ್ದು, ನಡುವೆ ಅವನ ದನಿ... ಒಂದು... ಎರಡು... ಮೂರು... ನಾನೂ ಹುಡುಗರೂ ಉಸಿರು ಬಿಗಿಹಿಡಿದು ಕೇಳುತ್ತ ಕೂತಿದ್ದೆವು.